ಮುಧೋಳ ಮರಿಯನ್ನು ಮನೆನಾಯಿಯಾಗಿ ಬೆಳೆಸುವುದು: ಮೊದಲ ದಿನದಿಂದ ಒಂದೂವರೆ ವರ್ಷದವರೆಗೆ

ಮುಧೋಳ ನಾಯಿ ಬೇಟೆಗಾಗಿಯೇ ತಲೆಮಾರುಗಳಿಂದ ಬೆಳೆದು ಬಂದ ತಳಿ. ಮೂಗಿಗಿಂತ ಕಣ್ಣನ್ನು ಜಾಸ್ತಿ ನಂಬುತ್ತದೆ. ದೂರದ ಹೊಲದಲ್ಲಿ ಏನೋ ಅಲುಗಾಡಿತು ಅಂದರೆ ನೋಡಿತು, ಓಡಿತು, ಅಷ್ಟೇ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಳಜಿಯಿಂದ ಬೆಳೆಸಿ, ಒಂದು ಜೋಡಿಯನ್ನು ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೇರಠ್‌ಗೆ ಒಯ್ದರು. ಇಷ್ಟು ಹೆಸರಾದ ಮೇಲೆ ಪೇಟೆಯವರಿಗೂ ಈ ಮರಿಯ ಮೇಲೆ ಆಸೆ ಹುಟ್ಟುವುದು ಸಹಜ.

ಆದರೆ ತಂದ ಮೇಲೆ ಬಹಳ ಜನ ಗೇಟಿನ ಪಕ್ಕ ಸರಪಳಿ ಹಾಕಿ ಕಟ್ಟುತ್ತಾರೆ. ಆಮೇಲೆ "ಹೇಳಿದ ಮಾತು ಕೇಳೋದಿಲ್ಲ, ಬಿಟ್ಟರೆ ಓಡಿ ಹೋಗ್ತದೆ" ಅಂತ ದೂರುತ್ತಾರೆ. ಬೆನ್ನಟ್ಟುವ ಗುಣ ಇದರ ರಕ್ತದಲ್ಲೇ ಇದೆ, ಹೊಡೆದು ಬಿಡಿಸಲು ಆಗುವುದಿಲ್ಲ. ಅದೇ ಗುಣವನ್ನು ಆಟವಾಗಿಸಿ, ಆ ಆಟದ ಯಜಮಾನ ನೀವಾದರೆ ಮಾತ್ರ ಈ ನಾಯಿ ನಿಮ್ಮದಾಗುತ್ತದೆ. ಮುಂದೆ ಹೇಳುವ ಪ್ರತಿ ಹಂತದ ಹಿಂದೆಯೂ ಇದೇ ವಿಚಾರ ಇದೆ.

ತರುವ ಮುಂಚೆ ಮನೆ ನೋಡಿಕೊಳ್ಳಿ

ಬೆಳೆದ ಗಂಡು ನಾಯಿ ಭುಜದ ಹತ್ತಿರ ಸುಮಾರು 70 ಸೆಂಟಿಮೀಟರ್ ಎತ್ತರ ಬರುತ್ತದೆ. ಮೂರು ಅಡಿ ಕಾಂಪೌಂಡ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಐದಾರು ಅಡಿ ಗೋಡೆ ಬೇಕು, ಇಲ್ಲವಾದರೆ ಹೊರಗೆ ಬಿಟ್ಟಾಗ ಯಾರಾದರೂ ಜೊತೆಗಿರಬೇಕು. ದಿನಕ್ಕೆ ಎರಡು ಹೊತ್ತು ಹೊರಗೆ ಕರೆದುಕೊಂಡು ಹೋಗುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಲಿ. ಮಕ್ಕಳು ಹಟ ಮಾಡಿದರು ಅಂತ ತಂದು, ಕಡೆಗೆ ಮನೆಯ ಅಜ್ಜನ ಕೊರಳಿಗೆ ಕಟ್ಟುವುದು ಬೇಡ. ಮೊದಲ ಮೂರು ವಾರ ಹಗಲು ಮನೆಯಲ್ಲಿ ಒಬ್ಬರಾದರೂ ಇರಲೇಬೇಕು.

ಮರಿ ಆರಿಸುವುದು

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಮೊದಲೇ ಹೆಸರು ಬರೆಸಿ ಕಾಯಬೇಕಾಗುತ್ತದೆ, ಆದರೆ ತಾಯಿ-ತಂದೆಯ ಮಾಹಿತಿ ಪಕ್ಕಾ ಇರುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ರೈತರೂ ಮರಿ ಮಾಡಿಸುತ್ತಾರೆ. ಯಾರ ಹತ್ತಿರ ತಂದರೂ ತಾಯಿಯನ್ನು ಕಣ್ಣಾರೆ ನೋಡಿ. ಹೊಸಬರನ್ನು ಕಂಡು ತಾಯಿ ತುಸು ದೂರ ನಿಲ್ಲುವುದು ಈ ತಳಿಯ ಸ್ವಭಾವ, ಅದರಲ್ಲಿ ತಪ್ಪಿಲ್ಲ. ಯಜಮಾನ ಪಕ್ಕದಲ್ಲಿ ಇದ್ದರೂ ಮೂಲೆ ಸೇರಿ ನಡುಗುತ್ತಿದ್ದರೆ, ಇಲ್ಲವೇ ಮೈಮೇಲೆ ಬರುತ್ತಿದ್ದರೆ ಆ ಮರಿ ಬೇಡ.

ಎಂಟು ವಾರ ತುಂಬುವ ಮೊದಲು ಮರಿ ಮಾರುವಂತಿಲ್ಲ. 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳೇ ಹಾಗೆ ಹೇಳುತ್ತವೆ. "ತಿಂಗಳ ಮರಿ ಐತ್ರಿ, ಈಗ ಒಯ್ದರ ಚಲೋ ಹೊಂದ್ಕೊತದ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕಚ್ಚಿದರೆ ಎಷ್ಟು ನೋಯುತ್ತದೆ ಅನ್ನುವುದನ್ನು ಮರಿ ಕಲಿಯುವುದು ಆ ವಾರಗಳಲ್ಲೇ, ಅಣ್ಣತಮ್ಮಂದಿರ ಜೊತೆ ಗುದ್ದಾಡುತ್ತ.

ಕಣ್ಣು ತಿಳಿಯಾಗಿರಲಿ, ವಸಡು ಗುಲಾಬಿ ಬಣ್ಣದಲ್ಲಿರಲಿ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಊದಿದ್ದರೆ ಹೊಟ್ಟೆಯಲ್ಲಿ ಜಂತುಹುಳು ಇರಬಹುದು. ಕಿವಿಯೊಳಗೆ ರಕ್ತ ಹೀರುವ ಉಣ್ಣೆ ಇದೆಯಾ ನೋಡಿ. ಇಷ್ಟಾದ ಮೇಲೆ ಒಂದು ಹಳೆ ಬಟ್ಟೆ ತುಂಡನ್ನು ಮರಿಗಳ ಮುಂದೆ ನೆಲದ ಮೇಲೆ ಎಳೆದುಕೊಂಡು ಹೋಗಿ. ಎಲ್ಲವೂ ಬೆನ್ನಟ್ಟುತ್ತವೆ. ಬೆನ್ನಟ್ಟಿದ ಮೇಲೆ ಯಾವ ಮರಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತದೆ ಅಂತ ಗಮನಿಸಿ. ಮನೆಗೆ ತರಬೇಕಾದದ್ದು ಆ ಮರಿ. ಎಲ್ಲರಿಗಿಂತ ಮುಂದೆ ಓಡಿ ಬಟ್ಟೆ ಕಚ್ಚಿಕೊಂಡು ಹಿಂದೆ ತಿರುಗಿಯೂ ನೋಡದ ಮರಿ ಹೊಲದ ರೈತನಿಗೆ ಸರಿ.

ಮೊದಲ ವಾರ

ಇದರ ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಬರೀ ಗ್ರಾನೈಟ್ ಮೇಲೆ ಮಲಗಿದರೆ ಮೊಳಕೈ ಬೆಳೆಯುತ್ತ ಬೆಳೆಯುತ್ತ ಜಡ್ಡುಗಟ್ಟಿ ಹುಣ್ಣಾಗುತ್ತದೆ. ಎರಡು ಹಳೆ ಕೌದಿ ಮಡಚಿ ಹಾಕಿ, ಅದೇ ಉತ್ತಮ ಹಾಸಿಗೆ. ತೊಳೆದು ಒಣಗಿಸಲೂ ಸುಲಭ. ಚಳಿಗಾಲದಲ್ಲಿ, ಅದರಲ್ಲೂ ಬೆಳಗಾವಿ ಕಡೆ, ಮೇಲೆ ಹೊದಿಸಲು ಇನ್ನೊಂದು ಇರಲಿ.

ರಾತ್ರಿ ಮರಿ ಅಳುತ್ತದೆ. ಹೊರಗೆ ಕಟ್ಟೆಯ ಮೇಲೆ ಬಿಟ್ಟು "ಅತ್ತು ಅತ್ತು ಸುಮ್ನಾಗ್ತದೆ" ಅನ್ನುವ ಪದ್ಧತಿ ಒಳ್ಳೆಯದಲ್ಲ. ಸುಮ್ಮನಾಗುತ್ತದೆ ನಿಜ, ಆದರೆ ಹೆದರಿ ಸುಮ್ಮನಾಗಿರುತ್ತದೆ. ಮೊದಲ ಒಂದೆರಡು ವಾರ ನಿಮ್ಮ ಹಾಸಿಗೆ ಪಕ್ಕದಲ್ಲೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಕೈ ಇಳಿಬಿಟ್ಟರೆ ಮೂಗು ತಾಕುವಷ್ಟು ಹತ್ತಿರ. ಆಮೇಲೆ ಪೆಟ್ಟಿಗೆಯನ್ನು ದಿನಾ ಒಂದಿಷ್ಟು ದೂರ ಸರಿಸುತ್ತ ಅದರ ಜಾಗಕ್ಕೆ ಒಯ್ಯಬಹುದು.

ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಹೊರಗೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಉಚ್ಚೆ ಮಾಡಿ ಮುಗಿಸಿದ ಕ್ಷಣಕ್ಕೇ ಒಂದು ತುಣುಕು ತಿನಿಸು ಕೊಡಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಯಾಕೆ ಕೊಟ್ಟಿರಿ ಅಂತ ಅದಕ್ಕೆ ತಿಳಿಯುವುದಿಲ್ಲ. ಒಳಗೆ ಮಾಡಿಕೊಂಡರೆ ಬೈಯದೆ ಒರೆಸಿ. ಫಿನಾಯಿಲ್ ಬೇಡ, ಅದು ಮರಿ ನೆಕ್ಕಿದರೆ ವಿಷ. ಸೋಪಿನ ನೀರಿನಿಂದ ತೊಳೆದು, ಆಮೇಲೆ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿದರೆ ವಾಸನೆ ಹೋಗುತ್ತದೆ.

ಊಟ

ನಮ್ಮ ಕಡೆ ಹಿಂದಿನಿಂದಲೂ ಈ ನಾಯಿಗೆ ಜೋಳದ ರೊಟ್ಟಿ, ಹಾಲು ಹಾಕುವುದು ರೂಢಿ. ದಿನವಿಡೀ ಹೊಲದಲ್ಲಿ ತಿರುಗಿ ಏನಾದರೂ ಹಿಡಿದು ತಿನ್ನುತ್ತಿದ್ದ ನಾಯಿಗೆ ಅದು ನಡೆಯುತ್ತಿತ್ತು. ಮನೆಯಲ್ಲೇ ಇರುವ ಮರಿಗೆ ಬರೀ ರೊಟ್ಟಿ-ಹಾಲು ಸಾಲುವುದಿಲ್ಲ. ಕಾಲೆಲುಬು ಉದ್ದುದ್ದ ಬೆಳೆಯುವ ತಳಿ ಇದು, ಪ್ರೋಟೀನ್ ಬೇಕೇ ಬೇಕು. ಬೇಯಿಸಿದ ಮೊಟ್ಟೆ, ಎಲುಬು ತೆಗೆದು ಬೇಯಿಸಿದ ಕೋಳಿ, ಮೊಸರು, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಗಜ್ಜರಿ, ಕುಂಬಳಕಾಯಿ ಇವೆಲ್ಲ ಸೇರಲಿ. ಮೊಟ್ಟೆ-ಮಾಂಸ ತರದ ಮನೆಯಾದರೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ಹಾಕುವುದು ಸರಿಯಾದ ದಾರಿ. ಮೊಸರನ್ನದ ಮೇಲೆ ಬೆಳೆಸಿ ಕಾಲು ಸೊಟ್ಟಗಾದ ಮೇಲೆ ಡಾಕ್ಟರ ಬಳಿ ಓಡುವುದಕ್ಕಿಂತ ಅದು ಮೇಲು. ಡಾಕ್ಟರು ಹೇಳದೆ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ಕ್ಯಾಲ್ಸಿಯಂ ಜಾಸ್ತಿಯಾದರೂ ಬೆಳೆಯುವ ಎಲುಬು ಕೆಡುತ್ತದೆ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಎದೆ ಆಳವಾಗಿರುವ ನಾಯಿ ಇದು. ಉಂಡ ಮೇಲೆ ಒಂದು ತಾಸು ಓಡಿಸಬೇಡಿ, ಹೊಟ್ಟೆ ತಿರುಚಿಕೊಳ್ಳುವ ಅಪಾಯ ಇರುತ್ತದೆ. ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಹೊರಗೆ ಬರದಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ವಿಜಯಪುರದ ಕಡೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡವೇ ಹೋಗಬಹುದು. ದ್ರಾಕ್ಷಿ ಒಣಹಾಕುವ ಶೆಡ್ ಇರುವ ತೋಟದಲ್ಲಿ ಮರಿಯನ್ನು ಸುಮ್ನೆ ಬಿಡಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಎಲುಬು ಕೂಡ ಬೇಡ.

ಚೆನ್ನಾಗಿರುವ ಮುಧೋಳದ ಕೊನೆಯ ಎರಡು-ಮೂರು ಪಕ್ಕೆಲುಬು ಕಾಣುತ್ತಲೇ ಇರುತ್ತವೆ. ಬೀದಿಯಲ್ಲಿ ಯಾರಾದರೂ "ಏನ್ರಿ, ನಾಯಿಗೆ ಕೂಳು ಹಾಕೂದಿಲ್ಲೇನು?" ಅಂತ ಕೇಳಿಯೇ ಕೇಳುತ್ತಾರೆ. ಆ ಮಾತಿಗೆ ಬೇಸರಪಟ್ಟು ದಪ್ಪ ಮಾಡಬೇಡಿ.

ಲಸಿಕೆ

ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ. ಆಮೇಲೆ ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಮುಂದೆ ಡಾಕ್ಟರು ಹೇಳಿದ ದಿನಕ್ಕೆ. ಜಂತಿನ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮರಿಗಳಿಗೆ ವಾಂತಿ-ಭೇದಿ ತಂದು ಕೊಲ್ಲುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಲಸಿಕೆ ಪೂರ್ತಿ ಆಗುವವರೆಗೆ ಬೀದಿನಾಯಿ ಓಡಾಡುವ ಜಾಗದಲ್ಲಿ ಮರಿಯನ್ನು ನೆಲಕ್ಕೆ ಬಿಡಬಾರದು. ಉಣ್ಣೆ ಜ್ವರವೂ ನಮ್ಮಲ್ಲಿ ಬಹಳ. ದಿನಾ ಸಂಜೆ ಕಿವಿ ಒಳಗೆ, ಕಾಲ್ಬೆರಳಿನ ನಡುವೆ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಿ.

ಊರು ತೋರಿಸುವುದು

ಲಸಿಕೆ ಆಗಿಲ್ಲ ಅಂತ ಮರಿಯನ್ನು ನಾಲ್ಕು ತಿಂಗಳು ಮನೆಯೊಳಗೇ ಮುಚ್ಚಿಟ್ಟರೆ ಇನ್ನೊಂದು ತೊಂದರೆ. ಮರಿಯ ಮನಸ್ಸು ಹೊಸದನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವುದು ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ. ಮುಧೋಳ ಮೊದಲೇ ಹೊಸಬರಿಂದ ದೂರ ನಿಲ್ಲುವ ನಾಯಿ, ಈ ವಾರಗಳನ್ನು ಕಳೆದುಕೊಂಡರೆ ಅಂಜುಬುರುಕ ಆಗುತ್ತದೆ.

ಅದಕ್ಕೆ ಉಪಾಯ, ಎತ್ತಿಕೊಂಡು ಹೋಗುವುದು. ಮರಿ ತೊಡೆ ಮೇಲಿರಲಿ, ಬಸ್ ಸ್ಟ್ಯಾಂಡ್ ಎದುರಿನ ಕಟ್ಟೆ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ವಾರದ ಸಂತೆಯನ್ನು ದೂರದಿಂದ ತೋರಿಸಿ. ಕಬ್ಬಿನ ಟ್ರ್ಯಾಕ್ಟರ್, ತಲೆಗೆ ರುಮಾಲು ಸುತ್ತಿದ ಕಾಕಾ, ಬುರ್ಖಾ ಹಾಕಿದ ಅಕ್ಕ, ಕೋಲು ಹಿಡಿದ ಅಜ್ಜ, ಗಾಳಿಪಟ ಹಿಡಿದ ಹುಡುಗರು ಎಲ್ಲವನ್ನೂ ನೋಡಲಿ. ಹೊಸದು ಕಂಡಾಗಲೆಲ್ಲ ಬಾಯಿಗೆ ಒಂದು ತುಣುಕು. ಯಾರಾದರೂ ಮುಟ್ಟಲು ಬಂದರೆ "ಅದು ತಾನಾಗಿ ಬರಲಿ ಬಿಡ್ರಿ" ಅನ್ನಿ. ಎಲ್ಲರ ತೋಳಿಗೂ ಕೊಟ್ಟು ಆಡಿಸುವುದರಿಂದ ಈ ತಳಿ ಸಲುಗೆ ಕಲಿಯುವುದಿಲ್ಲ, ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ.

ಹಲಗಿ, ಪಟಾಕಿ, ಗಣಪತಿ ಮೆರವಣಿಗೆಯ ಡಿಜೆ ನಮ್ಮ ಊರುಗಳಲ್ಲಿ ತಪ್ಪಿದ್ದಲ್ಲ. ಮೊಬೈಲಿನಲ್ಲಿ ಆ ಸದ್ದನ್ನು ಸಣ್ಣಗೆ ಹಚ್ಚಿ ಊಟ ಹಾಕಿ. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಏರಿಸಿ. ಹಬ್ಬದ ದಿನ ಮಾತ್ರ ಬಾಗಿಲು ಹಾಕಿ ಒಳಗೇ ಇಟ್ಟುಕೊಳ್ಳಿ. ಪಟಾಕಿಗೆ ಬೆದರಿ ಓಡಿದ ಮುಧೋಳವನ್ನು ಬೈಕಿನಲ್ಲಿ ಹಿಂಬಾಲಿಸಿದರೂ ಹಿಡಿಯುವುದು ಕಷ್ಟ.

ಕೈ-ಕಾಲು ಕಚ್ಚುವುದು ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಜೋರಿರುತ್ತದೆ. ಹೊಡೆಯಬೇಡಿ. ತಣ್ಣಗಿನ ಗಜ್ಜರಿ ಇಲ್ಲವೇ ಒದ್ದೆ ಮಾಡಿ ಫ್ರಿಜ್‌ನಲ್ಲಿಟ್ಟ ಬಟ್ಟೆ ಕೊಡಿ. ಕಚ್ಚಿದ ಕೂಡಲೇ ಎದ್ದು ಹೊರಟುಬಿಡಿ.

ಪಟ್ಟಿ ಮತ್ತು ಹಗ್ಗ

ಇದರ ಕುತ್ತಿಗೆ ತಲೆಗಿಂತ ದಪ್ಪ. ಸಾಮಾನ್ಯ ಪಟ್ಟಿ ಹಾಕಿದರೆ ಹಿಂದಕ್ಕೆ ಒಂದು ಜಗ್ಗು ಜಗ್ಗಿ ತಲೆ ಹೊರಗೆ ತೆಗೆದುಬಿಡುತ್ತದೆ. ಗ್ರೇಹೌಂಡ್ ಅನ್ನುವ ಓಟದ ನಾಯಿಗೆ ಬಳಸುವ ಅಗಲ ಪಟ್ಟಿ, ಅಂದರೆ ಜಗ್ಗಿದಾಗ ತುಸು ಬಿಗಿಯಾಗಿ ನಿಲ್ಲುವ ಮಾರ್ಟಿಂಗೇಲ್ ಪಟ್ಟಿ ಬೇಕು. ಉದ್ದ ಹಗ್ಗವನ್ನು ಮಾತ್ರ ಕುತ್ತಿಗೆ ಪಟ್ಟಿಗೆ ಎಂದೂ ಕಟ್ಟಬಾರದು, ಎದೆಗೆ ಹಾಕುವ ಹಾರ್ನೆಸ್‌ಗೇ ಕಟ್ಟಬೇಕು. ಕೆಲವೇ ಹೆಜ್ಜೆಯಲ್ಲಿ ಪೂರ್ತಿ ವೇಗ ಹಿಡಿಯುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಕುತ್ತಿಗೆಗೇ ಪೆಟ್ಟಾಗುತ್ತದೆ.

ಕರೆದರೆ ಬರುವುದು

ಮನೆಗೆ ಬಂದ ಮೂರನೇ ದಿನದಿಂದಲೇ ಶುರು ಮಾಡಬಹುದು. ಒಂದು ಸೀಟಿ ತಗೊಳ್ಳಿ. ಬಾಯಿಮಾತಿನಲ್ಲಿ ಸಿಟ್ಟು, ಗಾಬರಿ ಎಲ್ಲ ಗೊತ್ತಾಗುತ್ತದೆ, ಸೀಟಿ ಎಂದಿಗೂ ಒಂದೇ ಥರ ಇರುತ್ತದೆ. ಮೊದಲ ವಾರ ಊಟದ ತಟ್ಟೆ ಇಡುವಾಗ ಎರಡು ಸಲ ಸಣ್ಣಗೆ ಊದಿ, ಅಷ್ಟೇ. ಮರಿ ಏನೂ ಮಾಡಬೇಕಾಗಿಲ್ಲ. ಎರಡನೇ ವಾರ ಪಕ್ಕದ ಕೋಣೆಯಿಂದ ಊದಿ. ಓಡಿ ಬಂದರೆ ಒಂದು ತುಣುಕಲ್ಲ, ಮೂರು-ನಾಲ್ಕು ತುಣುಕು ಒಂದಾದ ಮೇಲೆ ಒಂದು ಕೊಡಿ. ತುಣುಕು ಕೊಡುವಾಗ ಇನ್ನೊಂದು ಕೈಯಿಂದ ಪಟ್ಟಿ ಹಿಡಿಯಿರಿ, ಆಮೇಲೆ ಬಿಟ್ಟುಬಿಡಿ. ಪಟ್ಟಿ ಹಿಡಿದರೆ ಆಟ ಮುಗಿಯಿತು ಅನ್ನುವ ಭಾವನೆ ಬರಬಾರದು.

ಮೂರನೇ ವಾರ ಅಂಗಳ. ನಾಲ್ಕು ತಿಂಗಳ ನಂತರ ಹತ್ತು ಮೀಟರ್ ನೂಲಿನ ಹಗ್ಗದ ಜೊತೆ ಬಯಲು. ಒಂದು ಹೊತ್ತಿಗೆ ಐದಾರು ಸಲಕ್ಕಿಂತ ಜಾಸ್ತಿ ಕರೆಯಬೇಡಿ. ಈ ತಳಿಗೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸಿದರೆ ಬೇಜಾರು ಬರುತ್ತದೆ, ಆಮೇಲೆ ಮುಖ ತಿರುಗಿಸಿ ನಿಲ್ಲುತ್ತದೆ. ಅದು ದಡ್ಡತನ ಅಲ್ಲ. ಒಬ್ಬಂಟಿಯಾಗಿ ತಾನೇ ಯೋಚಿಸಿ ಬೇಟೆಯಾಡಲು ಬೆಳೆಸಿದ ನಾಯಿಯಿಂದ ಕುರಿಕಾಯುವ ನಾಯಿಯ ವಿಧೇಯತೆ ಬರುವುದಿಲ್ಲ. ಎರಡು ಸೀಟಿಗೆ ಬಾರದಿದ್ದರೆ ಮೂರನೆಯದು ಊದಬೇಡಿ. ಹಗ್ಗ ಹಿಡಿದು ಹತ್ತಿರ ಹೋಗಿ, ಮುಂದಿನ ಸಲ ದೂರ ಕಡಿಮೆ ಮಾಡಿ. ತಡವಾಗಿ ಬಂದರೂ ಬೈಯಬಾರದು. ಬಂದದ್ದಕ್ಕೇ ಬೈಸಿಕೊಂಡ ನಾಯಿ ಮತ್ತೆ ಯಾಕೆ ಬರಬೇಕು, ಅಲ್ವಾ?

ಬಾರುಕೋಲಿನ ಆಟ

ಇಡೀ ತರಬೇತಿಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಎತ್ತು ಹೊಡೆಯುವ ಬಾರುಕೋಲಿನಂಥ ಒಂದು ಉದ್ದ ಕೋಲು, ಅದಕ್ಕೆ ಒಂದೂವರೆ ಮಾರು ಹಗ್ಗ, ತುದಿಗೆ ಹಳೆ ಬಟ್ಟೆ. ಮಣ್ಣಿನ ನೆಲದ ಮೇಲೆ ಬಟ್ಟೆಯನ್ನು ಮೊಲದಂತೆ ಎಳೆಯಿರಿ. ಕಾಂಕ್ರೀಟ್ ಮೇಲೆ ಬೇಡ. ಒಂದು ವರ್ಷ ತುಂಬುವವರೆಗೆ ಬಟ್ಟೆ ನೆಲ ಬಿಟ್ಟು ಮೇಲೆ ಏಳಬಾರದು, ಗಾಳಿಯಲ್ಲಿ ಜಿಗಿಸಿದರೆ ಎಳೆ ಎಲುಬಿಗೆ ಪೆಟ್ಟು. ಎರಡು-ಮೂರು ನಿಮಿಷದ ಆಟ ಸಾಕು.

ಮೊದಲು ಬೆನ್ನಟ್ಟಿ ಹಿಡಿಯಲಿ. ಹಿಡಿದಾಗ ಕೋಲು ಅಲ್ಲಾಡಿಸುವುದು ನಿಲ್ಲಿಸಿ. ಮೂಗಿನ ಹತ್ತಿರ ತುಣುಕು ಹಿಡಿದು, ಬಾಯಿ ಬಿಟ್ಟ ಕ್ಷಣ "ಬಿಡು" ಅನ್ನಿ. ತುಣುಕು ಕೊಟ್ಟು ತಕ್ಷಣ ಮತ್ತೆ ಬಟ್ಟೆ ಓಡಿಸಿ. ಬಿಟ್ಟರೆ ಆಟ ಮುಗಿಯುವುದಿಲ್ಲ, ಮತ್ತೆ ಶುರುವಾಗುತ್ತದೆ ಅಂತ ಮರಿಗೆ ಮನವರಿಕೆ ಆಗಬೇಕು. ಇದು ಬಂದ ಮೇಲೆ ಎರಡನೇ ಪಾಠ: ಬಟ್ಟೆ ನಿಂತಿರುವಾಗ ನೀವು "ನಿಲ್ಲು" ಅಂದರೆ ಮರಿ ನಿಲ್ಲಬೇಕು, "ಹಿಡಿ" ಅಂದ ಮೇಲೆ ಓಡಬೇಕು. ಮೂರನೆಯದು ಕಷ್ಟದ್ದು, ಓಡುತ್ತಿರುವ ಬಟ್ಟೆಯ ಹಿಂದೆ ಹೊರಟ ಮರಿಯನ್ನು ಸೀಟಿ ಊದಿ ತಿರುಗಿಸುವುದು. ಬಟ್ಟೆ ನಿಧಾನ ಇರುವಾಗ ಶುರು ಮಾಡಿ. ತಿರುಗಿ ಬಂದರೆ ನಿಮ್ಮ ಕಾಲ ಬಳಿಯೇ ಇನ್ನೊಂದು ಬಟ್ಟೆ ಓಡಲಿ.

ಈಗ ಗಮನ ಇಡಬೇಕಾದ್ದು ನಾಯಿಯ ಮುಖಕ್ಕೆ. ದೂರದಲ್ಲಿ ಏನೋ ಕಂಡಾಗ ಮೊದಲು ಕಿವಿ ಬುಡದಿಂದ ಮೇಲೇಳುತ್ತದೆ. ಬಾಯಿ ಮುಚ್ಚುತ್ತದೆ, ಅಷ್ಟು ಹೊತ್ತು ಹೊರಗಿದ್ದ ನಾಲಿಗೆ ಒಳಗೆ ಹೋಗುತ್ತದೆ. ಒಂದು ಮುಂಗಾಲು ಅರ್ಧ ಎತ್ತಿ ನಿಂತುಬಿಡುತ್ತದೆ. ಆಮೇಲೆ ಸಿಗುವುದು ಒಂದು ಕ್ಷಣ ಮಾತ್ರ. ಸೀಟಿ ಊದಬೇಕಾದ ಹೊತ್ತು ಅದೇ, ಬಾಯಿ ಮುಚ್ಚಿದ ಕೂಡಲೇ. ಹಿಂಗಾಲು ನೆಲ ಒದ್ದ ಮೇಲೆ ಊದಿದರೆ ಅದರ ಕಿವಿಗೆ ಬೀಳುವುದೇ ಇಲ್ಲ. ಆ ಕ್ಷಣವನ್ನು ಗುರುತಿಸಲು ನೀವು ಕಲಿಯುವುದಕ್ಕೂ ಈ ಆಟ ಬೇಕು.

ನಿಜವಾದ ಮೊಲ, ಚಿಗರಿಗಳ ಹಿಂದೆ ಬಿಡುವುದು ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಒಂದು ಸಲ ರುಚಿ ನೋಡಿದ ನಾಯಿಗೆ ನಿಮ್ಮ ಬಟ್ಟೆ ತುಂಡು ಸಪ್ಪೆ ಅನಿಸುತ್ತದೆ ಕೂಡ.

ಕೋಳಿ, ಕುರಿಮರಿ, ಬೆಕ್ಕು

ಮೂರು ತಿಂಗಳೊಳಗೆ ಮನೆಯ ಬೆಕ್ಕಿನ ಜೊತೆ ಪರಿಚಯವಾದರೆ ಆ ಬೆಕ್ಕನ್ನು ಮನೆಯವರಲ್ಲೇ ಒಬ್ಬರು ಅಂತ ತಿಳಿಯುತ್ತದೆ. ಆದರೆ ಓಣಿಯ ಬೇರೆ ಬೆಕ್ಕಿಗೆ ಆ ರಿಯಾಯಿತಿ ಇಲ್ಲ. ಕೋಳಿಗಳ ಹತ್ತಿರ ಹಗ್ಗ ಹಿಡಿದೇ ಹೋಗಿ, ಕೋಳಿ ನೋಡಿ ನಿಮ್ಮ ಕಡೆ ತಿರುಗಿದಾಗಲೆಲ್ಲ ತುಣುಕು ಕೊಡಿ. ಇಷ್ಟು ಮಾಡಿದರೂ ನೀವು ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬೇಡಿ.

ಓಟ ಮತ್ತು ಬಿಸಿಲು

ಒಂದು ವರ್ಷ ತುಂಬುವವರೆಗೆ ಬಲವಂತದ ಓಟ, ಬೈಕಿಗೆ ಕಟ್ಟಿ ಓಡಿಸುವುದು ಯಾವುದೂ ಬೇಡ. ಬೈಕಿಗೆ ಕಟ್ಟುವುದಂತೂ ಯಾವ ವಯಸ್ಸಿಗೂ ಬೇಡ. ತಾನಾಗಿ ಆಡಿ, ತಾನಾಗಿ ಮಲಗಲಿ. ಒಂದು ವರ್ಷದ ನಂತರ ವಾರಕ್ಕೆ ಮೂರು-ನಾಲ್ಕು ದಿನವಾದರೂ ಗೋಡೆ ಇರುವ ಬಯಲಿನಲ್ಲಿ ಬಿಚ್ಚಿ ಓಡಿಸಿ, ಶಾಲೆಯ ಮೈದಾನಕ್ಕೆ ಅನುಮತಿ ಕೇಳಿದರೆ ಭಾನುವಾರ ಕೊಡುವವರಿದ್ದಾರೆ. ಹತ್ತು ನಿಮಿಷದ ಪೂರ್ತಿ ಓಟ ಒಂದು ತಾಸಿನ ನಡಿಗೆಗಿಂತ ಅದಕ್ಕೆ ಸಮಾಧಾನ ಕೊಡುತ್ತದೆ. ಹಾಗೆ ಓಡಿದ ಮುಧೋಳ ಉಳಿದ ದಿನವೆಲ್ಲ ಕೌದಿ ಮೇಲೆ ಬಿದ್ದುಕೊಂಡಿರುತ್ತದೆ.

ಕಬ್ಬಿನ ಗದ್ದೆಯ ಬದಿ ಬಿಚ್ಚಬೇಡಿ. ಒಳಗೆ ನುಗ್ಗಿದರೆ ಕಾಣುವುದಿಲ್ಲ, ಹಂದಿಗೆ ಇಟ್ಟ ಉರುಲು, ಕರೆಂಟು ಹರಿಸಿದ ತಂತಿ, ಕೊಳಕಮಂಡಲ ಹಾವು ಎಲ್ಲವೂ ಅಲ್ಲಿರಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಏಳರೊಳಗೆ, ಸಂಜೆ ಏಳರ ನಂತರ ಮಾತ್ರ ಹೊರಗೆ. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಐದು ಸೆಕೆಂಡು ಇಡಲು ಆಗದಿದ್ದರೆ ಅದರ ಕಾಲೂ ಸುಡುತ್ತದೆ. ಬಿಸಿಲು ಬಡಿದು ತೇಕುತ್ತ ತೂರಾಡಿದರೆ ನಲ್ಲಿ ನೀರು ಮೈಮೇಲೆ ಹೊಯ್ದು ಫ್ಯಾನ್ ಹಚ್ಚಿ, ಹಾಗೆಯೇ ಆಸ್ಪತ್ರೆಗೆ ಹೊರಡಿ.

ಎಂಟು ತಿಂಗಳ ಮೇಲೆ

ಎಲ್ಲ ಕಲಿತಿದ್ದ ಮರಿ ಎಂಟರಿಂದ ಹದಿನಾಲ್ಕು ತಿಂಗಳ ನಡುವೆ ಸೀಟಿಗೆ ಕಿವಿಗೊಡದಂತೆ ಆಗುತ್ತದೆ. ಕಲಿತದ್ದು ಮರೆತಿಲ್ಲ, ಪ್ರಾಯ ಬಂದಿದೆ. ಮತ್ತೆ ಹತ್ತು ಮೀಟರ್ ಹಗ್ಗ ತೆಗೆಯಿರಿ, ಮೊದಲ ವಾರದ ಪಾಠದಿಂದ ಶುರು ಮಾಡಿ. ಈ ಹೊತ್ತಿನಲ್ಲಿಯೇ ಬಹಳ ಜನ ಕೈಚೆಲ್ಲಿ ಸರಪಳಿ ಹಾಕುತ್ತಾರೆ. ದಯವಿಟ್ಟು ಇನ್ನಾರು ತಿಂಗಳು ತಾಳಿ. ಸರಪಳಿಯಲ್ಲಿ ನಿಂತ ಮುಧೋಳ ಹಗಲೆಲ್ಲ ಹೋಗಿಬರುವವರನ್ನು ನೋಡುತ್ತ, ಬೆನ್ನಟ್ಟಲಾಗದೆ, ಕಡೆಗೆ ಕಚ್ಚುವ ನಾಯಿಯಾಗುತ್ತದೆ.

ಸಂತಾನಹರಣ ಚಿಕಿತ್ಸೆ ಮಾಡಿಸುವುದಿದ್ದರೆ ಬೆಳವಣಿಗೆ ಪೂರ್ತಿಯಾದ ಮೇಲೆ, ಒಂದರಿಂದ ಒಂದೂವರೆ ವರ್ಷದ ನಡುವೆ ಡಾಕ್ಟರ ಜೊತೆ ಮಾತಾಡಿ. ಅರಿವಳಿಕೆ ಕೊಡುವ ಮೊದಲು "ಇದು ಮುಧೋಳ, ಗ್ರೇಹೌಂಡ್ ಜಾತಿಯ ತೆಳು ಮೈ" ಅಂತ ಬಾಯಿಬಿಟ್ಟು ಹೇಳಿ. ಥಯೋಪೆಂಟಾಲ್‌ನಂಥ ಔಷಧಿಯ ಅಮಲು ಗ್ರೇಹೌಂಡ್‌ನಂಥ ನಾಯಿಗಳಲ್ಲಿ ಬಹಳ ಹೊತ್ತು ಇಳಿಯುವುದಿಲ್ಲ, ಡಾಕ್ಟರು ಬೇರೆಯದನ್ನು ಆರಿಸುತ್ತಾರೆ. ಚಿಕಿತ್ಸೆ ಮುಗಿಸಿ ಮನೆಗೆ ಕರೆತರುವಾಗ ಗಾಡಿಯಲ್ಲಿ ಒಂದು ದಪ್ಪ ಹೊದಿಕೆ ಇರಲಿ, ಎಚ್ಚರಾಗುವ ಹೊತ್ತಿಗೆ ಇದರ ಮೈ ಬೇಗ ತಣ್ಣಗಾಗುತ್ತದೆ.